ಜೈಲಿನೊಳಗೆ ಇಟ್ಟ ಎಡೆ

ವಿಜಯನಗರ ಬಡಾವಣೆಯ ಈ ಮನೆಗೆ ಬಂದ ಮೇಲೂ ನನಗೆ ಒಗ್ಗದೆ ಉಳಿದದ್ದು ಒಂದಿದೆ. ಇಲ್ಲಿ ಅಕ್ಕಪಕ್ಕದವರು ಏನು ಅಡುಗೆ ಮಾಡುತ್ತಾರೆಂದು ತಿಳಿಯುವುದೇ ಇಲ್ಲ. ಅಗ್ರಹಾರದಲ್ಲಿದ್ದಾಗ ಯಾರ ಮನೆಯ ಹುಳಿ ತಳ ಹಿಡಿಯಿತು ಎಂಬುದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಇಲ್ಲಿ ಕಾಂಪೌಂಡು, ಅದರೊಳಗೆ ಕಾರು, ಅದರಾಚೆ ಇನ್ನೊಂದು ಕಾಂಪೌಂಡು. ಆದರೆ ವರ್ಷಕ್ಕೊಂದು ದಿನ, ಪಿತೃಪಕ್ಷ ಮುಗಿಯುವ ಮಹಾಲಯ ಅಮಾವಾಸ್ಯೆಯಂದು, ಈ ಬಡಾವಣೆಯೂ ತನ್ನ ಬಿಗುಮಾನ ಬಿಡುತ್ತದೆ. ಸಾಂಬ್ರಾಣಿ ಹೊಗೆ, ಎಣ್ಣೆಯಲ್ಲಿ ಬೇಯುವ ವಡೆ, ಮಸಾಲೆ ಅರೆದು ಕುದಿಸಿದ ಕೋಳಿ ಸಾರು, ಎಲ್ಲ ಒಟ್ಟಿಗೆ ನಮ್ಮ ವೆರಾಂಡಕ್ಕೆ ಬರುತ್ತವೆ. ಮನೆಯಲ್ಲಿ ತೀರಿಹೋದವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುವ ದಿನ ಅದು. ನಮ್ಮ ಮನೆಯಲ್ಲಿ ಪುರೋಹಿತರು ಬಂದು ಎಳ್ಳುನೀರು ಬಿಡಿಸಿ ಹೋಗುತ್ತಾರೆ, ಕೋಳಿಯ ಮಾತಿಲ್ಲ. ನಮ್ಮ ಮನೆಯವರು ಆ ವಾಸನೆ ಬಂದ ಕೂಡಲೆ ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ವೆರಾಂಡದಲ್ಲೇ ಕೂರುತ್ತೇನೆ.

ಆ ವಾಸನೆಗೂ ನನಗೂ ನಂಟು ಬೆಳೆದದ್ದು ಜೈಲಿನಲ್ಲಿ ಎಂದರೆ ಜನ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ನೋಡಲಿ. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು, ಮನೆಯಲ್ಲಿ ಕೂತು ಕೂತು ಎಲ್ಲರ ಮೇಲೂ ಸಿಡುಕುತ್ತಿದ್ದ ಕಾಲ ಅದು. ಮಾಸ್ಕು ಬಿಚ್ಚಿ ಒಬ್ಬರ ಮುಖ ಒಬ್ಬರು ಕಂಡ ಮರುವರ್ಷ. ಬೆಂಗಳೂರಿನ ಒಂದು ಸಂಸ್ಥೆಯಿಂದ ಶ್ರುತಿ ಎನ್ನುವ ಹುಡುಗಿ ಫೋನು ಮಾಡಿದಳು. ನಾಜಿಗಳು ಯಹೂದ್ಯರನ್ನು ಲಕ್ಷಗಟ್ಟಲೆ ಕೊಂದ ಚರಿತ್ರೆಯ ಫೋಟೋ ಪ್ರದರ್ಶನವೊಂದನ್ನು ಅವರು ಜೈಲಿನಿಂದ ಜೈಲಿಗೆ ಒಯ್ಯುತ್ತಿದ್ದರು, ಈಗ ನಮ್ಮೂರ ಜೈಲಿನ ಸರದಿ. ಫಲಕಗಳ ಬರಹವನ್ನು ಕನ್ನಡಕ್ಕೆ ತರಬೇಕು, ಆಮೇಲೆ ಕೈದಿಗಳಲ್ಲೇ ನಾಲ್ವರನ್ನು ಆರಿಸಿ ತಯಾರು ಮಾಡಬೇಕು. ನೋಡಲು ಬಂದವರಿಗೆ ಫಲಕಗಳನ್ನು ವಿವರಿಸುವವರು ಆ ಕೈದಿಗಳೇ. ಈ ಪ್ರದರ್ಶನದ ಕ್ರಮವೇ ಹಾಗೆ ಎಂದಳು.

"ಜೈಲೇ ಯಾಕಮ್ಮ, ಶಾಲೆಗೆ ಒಯ್ಯಬಾರದೇ?" ಎಂದು ಕೇಳಿದೆ.

"ಶಾಲೇಲಿ ಮಕ್ಕಳು ಅಯ್ಯೋ ಪಾಪ ಅಂತಾರೆ ಮೇಡಂ. ಜೈಲಲ್ಲಿ ಪ್ರಶ್ನೆ ಕೇಳ್ತಾರೆ," ಎಂದಳು. ಆ ಉತ್ತರಕ್ಕೇ ನಾನು ಒಪ್ಪಿಕೊಂಡದ್ದು.

ದಸರಾ ರಂಗೇರಿದ ಮೇಲೆ ನಮ್ಮೂರ ಪೊಲೀಸರಿಗೆ ಪುರುಸೊತ್ತಿರುವುದಿಲ್ಲ, ದಸರಾ ಆದ ಮೇಲೆ ಫಲಕಗಳು ಬೇರೆ ರಾಜ್ಯಕ್ಕೆ ಹೋಗಬೇಕು. ಹಾಗಾಗಿ ಜೈಲಿನವರು ಒಪ್ಪಿದ್ದು ಪಿತೃಪಕ್ಷದ ಕೊನೆಯ ವಾರಕ್ಕೆ. ಅದನ್ನು ಕೇಳಿ ನಮ್ಮ ಮನೆಯವರು ಓದುತ್ತಿದ್ದ ಪೇಪರು ಕೆಳಗಿಟ್ಟರು. "ಪಕ್ಷದಲ್ಲಿ ಯಾರಾದ್ರೂ ಹೊಸ ಕೆಲಸ ಶುರು ಮಾಡ್ತಾರೇನೇ?"

"ಸತ್ತವರ ಕೆಲಸ ತಾನೆ, ಪಕ್ಷದಲ್ಲೇ ಆಗಲಿ ಬಿಡಿ," ಎಂದು ನಾನೂ ಬಿಡದೆ ಅಂದೆ. ಆ ಮಾತು ಹೇಗೆ ನಿಜವಾದೀತೆಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಆ ಮಳೆಗಾಲ ತಡವಾಗಿ ಬಂದು ಹೊರಡಲು ಮನಸ್ಸಿಲ್ಲದೆ ಕೂತಿತ್ತು. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಧಗೆ, ಸಂಜೆ ದಬದಬ ಮಳೆ. ಜೈಲಿನಲ್ಲಿ ನಮಗೆ ಕೊಟ್ಟದ್ದು ಪ್ರಾರ್ಥನೆ, ಯೋಗ, ಭಾಷಣ ಎಲ್ಲಕ್ಕೂ ಒದಗುವ ಒಂದು ಉದ್ದನೆಯ ಹಾಲು. ಅದರ ತುಂಬ ಫಿನಾಯಿಲ್ ವಾಸನೆ. ಫಲಕಗಳು ಬಟ್ಟೆಯ ಮೇಲೆ ಅಚ್ಚಾದವು, ಆಳೆತ್ತರದವು. ಮದುವೆಯ ಗುಂಪು, ಅಂಗಡಿಯ ಮುಂದೆ ನಿಂತ ಅಪ್ಪ ಮಗ, ತಲೆಗೆ ರಿಬ್ಬನ್ನು ಕಟ್ಟಿಕೊಂಡು ಅಪ್ಪ ಅಮ್ಮನ ನಡುವೆ ನಿಂತ ಹುಡುಗಿ, ರೈಲು, ಬೇಲಿ, ರಾಶಿ ಬಿದ್ದ ಚಪ್ಪಲಿ.

ಪ್ರದರ್ಶನಕ್ಕೆ ಮುಂಚಿನ ತಯಾರಿಯ ಮೊದಲ ದಿನವೇ ಶ್ರುತಿಯ ಮಾತು ನಿಜವಾಯಿತು. ಜೈಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ಚೆಲುವಯ್ಯ ಎಂಬ ದಪ್ಪ ಮೀಸೆಯ ಕೈದಿ ಮದುವೆಯ ಫೋಟೋ ಮುಂದೆ ಬಹಳ ಹೊತ್ತು ನಿಂತು ಕೇಳಿದ. "ಯಾವ ಕೇಸಲ್ಲಿ ಒಳಗಾಕಿದ್ರು ಮೇಡಂ ಇವ್ರನ್ನ?"

"ಯಾವ ಕೇಸೂ ಇಲ್ಲ."

"ಸುಮ್ಸುಮ್ನೆ ಎಂಗಾಕ್ತಾರೆ? ಏನಾದ್ರೂ ಸೆಕ್ಷನ್ ಇರ್ಬೇಕಲ್ಲ."

"ಇಲ್ಲಪ್ಪ. ಆ ಜಾತಿಯಲ್ಲಿ ಹುಟ್ಟಿದ್ದೇ ತಪ್ಪು ಅಂತ ಕಾನೂನು ಮಾಡಿದರು."

"ಜಾಮೀನು? ಅಪೀಲು?"

ನಾನು ಇಲ್ಲವೆಂದು ತಲೆಯಾಡಿಸಿದೆ. ಚೆಲುವಯ್ಯ ಪಕ್ಕದವನ ಕಡೆ ತಿರುಗಿ, "ನಮ್ದೇ ವಾಸಿ ಕಣ್ಲಾ," ಅಂದ. ಮೂವತ್ತು ವರ್ಷಕ್ಕೂ ಮೀರಿ ಬಿ.ಎ. ಮಕ್ಕಳಿಗೆ ಇದೇ ಪಾಠ ಮಾಡಿದ್ದೇನೆ. ಒಬ್ಬರೂ ಅಪೀಲಿನ ಬಗ್ಗೆ ಕೇಳಿರಲಿಲ್ಲ.

ನಾಲ್ವರು ವಿವರಣೆಕಾರರಲ್ಲಿ ಸಿದ್ದರಾಜು ಒಬ್ಬ. ನಮ್ಮೂರ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡಿಕೊಂಡಿದ್ದವನು, ಈಗ ಜೀವಾವಧಿ ಕೈದಿ. ಸಣಕಲು ಮನುಷ್ಯ, ಬಿಳಿ ಸಮವಸ್ತ್ರವನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಇಸ್ತ್ರಿ ಮಾಡಿದಂತೆ ಹಾಕಿಕೊಳ್ಳುತ್ತಿದ್ದ. ಫಲಕ ಹಂಚುವಾಗ ಉಳಿದ ಮೂವರೂ ಸತ್ತವರ ಫಲಕಗಳನ್ನು ಕೇಳಿ ಪಡೆದರು. ಯಾರಿಗೂ ಬೇಡವಾದ ಫಲಕ ಒಂದಿತ್ತು. ಅದರಲ್ಲಿ ಬಂದೂಕು ಹಿಡಿದು ನಿಂತ ಒಬ್ಬ ಸಾಧಾರಣ ಪೊಲೀಸು. ಯುದ್ಧಕ್ಕೆ ಮೊದಲು ಬೇಕರಿ ಇಟ್ಟುಕೊಂಡಿದ್ದವನು, ಆಮೇಲೆ ಒಂದು ಕಾಡಿನಂಚಿನಲ್ಲಿ ಹೆಂಗಸರು ಮಕ್ಕಳನ್ನು ನಿಲ್ಲಿಸಿ ಗುಂಡು ಹೊಡೆದವನು. ಯುದ್ಧ ಮುಗಿದು ಕೋರ್ಟಿಗೆ ಬಂದಾಗ 'ಮೇಲಿನವರು ಹೇಳಿದರು, ಮಾಡಿದೆ. ಕುಡಿದಿದ್ದೆ, ಏನೂ ನೆನಪಿಲ್ಲ' ಎಂದವನು.

"ಅದು ನನಗಿರ್ಲಿ ಮೇಡಂ," ಎಂದ ಸಿದ್ದರಾಜು.

ಯಾಕೆಂದು ನಾನು ಕೇಳಲಿಲ್ಲ. ಒಂದು ವಾರ ಕಳೆದ ಮೇಲೆ ಅವನೇ ಹೇಳಿದ. ಹೊರಗೆ ಮಳೆ ಜೋರಾಗಿತ್ತು, ಉಳಿದವರು ಬೆಂಚು ಜೋಡಿಸುತ್ತಿದ್ದರು. ಕುಡಿದು ಬಂದ ಒಂದು ಸಂಜೆ ಅವನು ಹೆಂಡತಿಯನ್ನು ಹೊಡೆದು ಮಹಡಿ ಮೆಟ್ಟಿಲಿನಿಂದ ನೂಕಿದ್ದ. ಅವಳು ಅಲ್ಲೇ ತೀರಿಕೊಂಡಳು. ನೋಡಿದವಳು ಮಗಳು ಲತಾ, ಆಗ ಒಂಬತ್ತು ವರ್ಷದವಳು. ಆ ಮಗು ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿತು. ಇವನು ಹೆಂಡತಿ ತಾನೇ ಜಾರಿ ಬಿದ್ದಳು ಎಂದ. ಇವನ ವಕೀಲ ಮಗುವಿನ ಮುಖಕ್ಕೇ, ನಿನಗೆ ಅಜ್ಜಿ ಸುಳ್ಳು ಹೇಳಿಕೊಟ್ಟಿದ್ದಾಳೆ ಎಂದ. ಇವನು ಸುಮ್ಮನೆ ನಿಂತು ಕೇಳಿದ.

"ಶಿಕ್ಷೆ ಆಯ್ತು, ಸರಿಯಾಗೇ ಆಯ್ತು. ಆದ್ರೆ ನನ್ನ ಬಾಯಿಂದ ನಿಜ ಬರ್ಲೇ ಇಲ್ವಲ್ಲ ಮೇಡಂ. ನನ್ನ ಕೂಸು ಸುಳ್ಳುಗಾತಿ ಅಂತ ಆಗಿ ಕೂತದೆ ಅಲ್ಲಿ. ಅವ್ಳು ನನ್ನ ನೋಡಕ್ಕೆ ಮುಲಾಖಾತ್‌ಗೆ ಬರಲ್ಲ, ಕಾಗ್ದ ಬರೆದ್ರೆ ಒಡೀದೆ ವಾಪಸ್ ಕಳ್ಸ್ತಾಳೆ. ಅವ್ಳು ಕೇಳೋ ಹಂಗೆ ಒಂದ್ಸಲ ಹೇಳ್ಬುಡ್ಬೇಕು. ನೀ ಹೇಳಿದ್ದೇ ನಿಜ ಅಂತ. ಅಷ್ಟೇಯ."

ಪ್ರದರ್ಶನದ ಕೊನೆಯ ದಿನ, ಭಾನುವಾರ, ಕೈದಿಗಳ ಮನೆಯವರನ್ನು ಒಳಗೆ ಬಿಡುವುದೆಂದು ಸೂಪರಿಂಟೆಂಡೆಂಟರು ಒಪ್ಪಿದ್ದರು. ಅಂದೇ ಆ ರಿಬ್ಬನ್ನಿನ ಹುಡುಗಿಯೂ ವಿಡಿಯೋದಲ್ಲಿ ಮಾತಾಡುವವಳಿದ್ದಳು. ಅವಳೀಗ ತೊಂಬತ್ತು ದಾಟಿದ ಮುದುಕಿ, ಮನೆಯವರೆಲ್ಲ ಸತ್ತ ಮೇಲೂ ಹೇಗೋ ಉಳಿದವಳು. ಸಿದ್ದರಾಜುವಿನ ಕಣ್ಣು ಆ ಭಾನುವಾರದ ಮೇಲಿತ್ತು.

ಪರರ ಮನೆಯ ವಿಷಯಕ್ಕೆ ತಲೆ ಹಾಕುವ ಚಾಳಿ ನನಗಿಲ್ಲ. ಆದರೂ ಒಂದು ಸಂಜೆ ಹೆಬ್ಬಾಳದಲ್ಲಿ ಶಿಫ್ಟು ಬಿಡುವ ಹೊತ್ತಿಗೆ ಬಸ್‌ಸ್ಟಾಪಿನಲ್ಲಿ ಹೋಗಿ ನಿಂತೆ. ಲತಾ ಈಗ ದೊಡ್ಡವಳಾಗಿ ಅಲ್ಲೇ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಕತ್ತಿಗೆ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ, ಮಾತು ಕಡಿಮೆ. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡಳು.

"ಅವ್ರೇ ಕಳ್ಸಿದ್ರಾ ನಿಮ್ಮನ್ನ?"

"ಪ್ರದರ್ಶನ ಇದೆ ಅಂತ ಹೇಳಿ ಅಂದರು. ಬಾ ಅಂತ ಕರೆಯೋ ಯೋಗ್ಯತೆ ನನಗಿಲ್ಲ ಅಂದರು."

ಎರಡು ಬಸ್ಸು ಬಂದು ಹೋದವು. ಅವಳು ಹತ್ತಲಿಲ್ಲ. ಕೊನೆಗೆ, "ನಾನು ಅವ್ರನ್ನ ನೋಡಕ್ಕೆ ಬರಲ್ಲ ಮೇಡಂ. ಪ್ರದರ್ಶನ ನೋಡಕ್ಕೆ ಬರ್ತೀನಿ. ಎಲ್ರ ಹಿಂದೆ ನಿಂತ್ಕೊಂಡು ಕೇಳಿ ಹೋಗ್ತೀನಿ. ಅವ್ರು ನನ್ನ ಮಾತಾಡಿಸ್ಬಾರ್ದು, ಹತ್ರಕ್ಕೂ ಬರ್ಬಾರ್ದು," ಎಂದಳು.

ಇದನ್ನು ಹೇಳಿದಾಗ ಸಿದ್ದರಾಜು ಗೋಡೆಯ ಕಡೆ ತಿರುಗಿ ನಿಂತ. "ಮಾತಾಡ್ಸಲ್ಲ. ಎಲ್ರಿಗೂ ಹೇಳೋದ್ನೇ ಹೇಳ್ತೀನಿ," ಎಂದ. ಆಮೇಲೆ ಖಾಲಿ ಹಾಲಿನಲ್ಲಿ ನನ್ನೊಬ್ಬಳ ಮುಂದೆ ತಾಲೀಮು ಮಾಡಿದ. ಬೇಕರಿಯವನ ಕಥೆ ಹೇಳಿ, ಕೋರ್ಟಿನ ಮಾತಿಗೆ ಬಂದು, ಕೈ ಕಟ್ಟಿಕೊಂಡು ಮುಂದುವರಿಸಿದ. ನಾನೂ ಕೋರ್ಟಲ್ಲಿ ಹಿಂಗೇ ಹೇಳ್ದೆ. ಜಾರಿ ಬಿದ್ಲು ಅಂದೆ. ಅವ್ಳು ಜಾರ್ಲಿಲ್ಲ. ನೂಕಿದ ಕೈ ನಂದೇ. ನನ್ನ ಮಗಳು ಹೇಳಿದ್ದು ಅಕ್ಷರ ಅಕ್ಷರ ನಿಜ. ಇಷ್ಟು ಹೇಳುವಷ್ಟರಲ್ಲಿ ಅವನ ಅಂಗಿ ಬೆವರಿನಲ್ಲಿ ನೆನೆದುಹೋಗಿತ್ತು. ಪ್ರದರ್ಶನ ನಡೆದ ವಾರವೆಲ್ಲ ಬೇರೆಯವರಿಗೆ ವಿವರಿಸುವಾಗ ಬೇಕರಿಯವನ ಕಥೆಗೇ ನಿಲ್ಲಿಸುತ್ತಿದ್ದ. ಉಳಿದದ್ದನ್ನು ಭಾನುವಾರಕ್ಕೆಂದು ಇಟ್ಟುಕೊಂಡಿದ್ದ.

ಸೋಮವಾರ ಪ್ರದರ್ಶನ ಶುರುವಾಯಿತು. ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಜನ ಸಾಲಾಗಿ ಬಂದರು, ವಾರ್ಡರುಗಳೂ ಬಂದರು. ಹತ್ತು ಮಾತಿಗೆ ಒಂದು ಪ್ರಶ್ನೆ. ಊರಿನವರು ಯಾಕೆ ಸುಮ್ಮನಿದ್ದರು, ಆ ಮನೆಗಳನ್ನು ಆಮೇಲೆ ಯಾರು ತೆಗೆದುಕೊಂಡರು, ಬೇಕರಿಯವನ ಹೆಂಡತಿಗೆ ಗೊತ್ತಿತ್ತೇ. ಗುರುವಾರ ನಾನು ಹೊರಡುವಾಗ ಚೆಲುವಯ್ಯ ಹಿಂದೆಯೇ ಬಂದ.

"ಮೇಡಂ, ಇವ್ರ ಕಡೆ ಊಟಕ್ಕೇನ್ ಮಾಡ್ತಿದ್ರು?"

"ಬ್ರೆಡ್ಡು, ಆಲೂಗಡ್ಡೆ ಜಾಸ್ತಿ ತಿಂತಿದ್ದರು ಅನ್ಸುತ್ತೆ. ಯಾಕ್ರೀ?"

"ಸುಮ್ನೆ ಕೇಳ್ದೆ. ಇಷ್ಟುದ್ದ ಬರ್ದವ್ರೆ, ಊರು, ರೈಲು, ತಾರೀಕು ಎಲ್ಲಾ ಅದೆ. ಅವ್ರಿಗೆ ತಿನ್ನಕ್ಕೆ ಏನಿಷ್ಟ ಅಂತ ಮಾತ್ರ ಎಲ್ಲೂ ಇಲ್ಲ."

ಅಡುಗೆಮನೆಯವನಿಗೆ ಅಡುಗೆಮನೆಯದೇ ಚಿಂತೆ ಎಂದುಕೊಂಡು ಆಟೋ ಹತ್ತಿದೆ.

ಶುಕ್ರವಾರ ಅಮಾವಾಸ್ಯೆ. ಬೆಳಿಗ್ಗೆ ನಮ್ಮ ಮನೆಯ ತರ್ಪಣ ಮುಗಿಸಿ, ಜೈಲು ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಹಾಲಿನ ಬಾಗಿಲು ಮುಚ್ಚಿತ್ತು. ಹೊರಗಿನ ಜಗಲಿಯ ಮೇಲೆ ಮೂವತ್ತು ನಲವತ್ತು ಜನ ಮಂಡಿ ಮಡಿಸಿ ಕೂತಿದ್ದರು, ಒಬ್ಬರೂ ಮಾತಿಲ್ಲ. ವಾರ್ಡರು ಗಾಬರಿಯಿಂದ ಆ ಕಡೆ ಈ ಕಡೆ ಓಡಾಡುತ್ತಿದ್ದ. ಜೈಲಿನಲ್ಲಿ ಕೈದಿಗಳೇ ಬಾಗಿಲು ಮುಚ್ಚಿ ಹೊರಗೆ ಕೂರುವುದೆಂದರೆ ಅವನಿಗೆ ಯಾವ ನಿಯಮದಡಿ ತಡೆಯಬೇಕೆಂದೇ ತಿಳಿದಿರಲಿಲ್ಲ. ನಾನು ಬಾಗಿಲಿಗೆ ಕೈ ಹಾಕಿದೆ. ಚೆಲುವಯ್ಯ ಎದ್ದು ಬಂದು ಪಿಸುಗುಟ್ಟಿದ.

"ತಡೀರಿ ಮೇಡಂ. ಊಟ ಮಾಡ್ತಾವ್ರೆ."

"ಯಾರು?"

"ಅವ್ರೇಯ. ಎಡೆ ಇಟ್ಟಿದೀವಿ. ಮನೆಮಂದಿಯೆಲ್ಲ ಹೋಗ್ಬುಟ್ರಲ್ಲ, ಅವ್ರಿಗೆ ಇನ್ಯಾರು ಇಡ್ತಾರೆ? ನಾವೂ ನಮ್ಮನೇಲಿ ಇಡಕ್ಕಾಗಲ್ಲ. ಅದ್ಕೆ."

ಎಡೆ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ, ಬಂದವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಹೊರಗೆ ಕಾಯುವುದು ಇವರ ಮನೆಗಳ ಕ್ರಮ. ನಾನೂ ಕಂಬಕ್ಕೆ ಒರಗಿ ಕೂತೆ. ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಬಾಗಿಲು ತೆಗೆದಾಗ ಪ್ರತಿ ಫೋಟೋದ ಮುಂದೆ ಎಷ್ಟು ಜನರೋ ಅಷ್ಟು ಮುತ್ತುಗದ ಎಲೆ. ಎಲೆಯ ಮೇಲೆ ಬೇಯಿಸಿ ಸುಲಿದ ಆಲೂಗಡ್ಡೆ, ಜೈಲಿನ ಬೇಕರಿಯ ಬ್ರೆಡ್ಡು, ಅಂದು ತಮಗೆ ಕೊಟ್ಟ ಕೋಳಿಯ ತುಂಡು, ಚಿಟಿಕೆ ಸಕ್ಕರೆ, ಗಂಡಸರ ಎಲೆಗೆ ಒಂದೊಂದು ಬೀಡಿ. ಬೇಕರಿಯವನ ಫಲಕದ ಮುಂದೆ ಏನೂ ಇರಲಿಲ್ಲ. ಆದರೆ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಫೋಟೋ ಇಲ್ಲದ ಜಾಗದಲ್ಲಿ ಒಂದು ಎಲೆ ಇತ್ತು. ಅದರ ಮೇಲೆ ಆಲೂಗಡ್ಡೆಯೂ ಇಲ್ಲ, ಕೋಳಿಯೂ ಇಲ್ಲ. ಒಂದು ಹಿಡಿ ಕಡ್ಲೆಪುರಿ, ಹೆಚ್ಚಿದ ಹಸಿ ಈರುಳ್ಳಿ, ಒಂದು ಹಸಿಮೆಣಸಿನಕಾಯಿ.

ಸಿದ್ದರಾಜು ಪಕ್ಕಕ್ಕೆ ಬಂದು ನಿಂತ. "ನಾನು ಮುಟ್ಟಿಲ್ಲ ಮೇಡಂ. ನನ್ನ ಕೈಲಿ ಇಡ್ಬಾರ್ದು. ಚೆಲುವಯ್ಯ ಇಟ್ಟ. ನಾನು ಬರೀ ಅವ್ರೆಲ್ರಿಗೂ ಆಲೂಗಡ್ಡೆ ಸುಲಿದುಕೊಟ್ಟೆ."

ಆ ಎಲೆ ಅವನ ಹೆಂಡತಿಗೆ ಎಂದು ಅರ್ಥವಾಯಿತು. ನಾನು ತಲೆಯಾಡಿಸಿ ಮುಂದೆ ನಡೆದೆ.

ಅಷ್ಟರಲ್ಲಿ ಶ್ರುತಿ ಒಳಗೆ ಬಂದಳು. ಎಲೆಗಳನ್ನು ಒಂದೊಂದಾಗಿ ನೋಡುತ್ತ ಬಂದವಳು ರಿಬ್ಬನ್ನಿನ ಹುಡುಗಿಯ ಫಲಕದ ಮುಂದೆ ಕಿರುಚಿಯೇಬಿಟ್ಟಳು. "ಅಯ್ಯೋ, ಇಲ್ಲಿ ಮೂರು ಎಲೆ ಯಾಕೆ? ಇವರು ಬದುಕಿದಾರೆ! ಭಾನುವಾರ ಮಾತಾಡ್ತಾರೆ ಅಂತ ಹೇಳಿರ್ಲಿಲ್ವಾ?"

ಆ ಫಲಕ ವಿವರಿಸುವವನನ್ನು ಅಂದು ಬೆಳಿಗ್ಗೆಯೇ ಕೋರ್ಟಿಗೆ ಕರೆದೊಯ್ದಿದ್ದರು. ಉಳಿದವರು ಆಳಿಗೊಂದರಂತೆ ಎಲೆ ಹಾಕಿಬಿಟ್ಟಿದ್ದರು. ಬದುಕಿದ್ದವರಿಗೆ ಎಡೆ ಇಡುವುದೆಂದರೇನು! ಚೆಲುವಯ್ಯ ಗಾಬರಿಬಿದ್ದು ಮುಂದೆ ನುಗ್ಗಿದ. "ತೆಗೀರ್ಲಾ, ತೆಗೀರ್ಲಾ," ಎಂದು ತಾನೇ ಬಗ್ಗಿ ಆ ಎಲೆ ಎತ್ತಿದ. ಅಡುಗೆಮನೆಗೆ ಓಡಿಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಫೋಟೋದಲ್ಲಿದ್ದ ಹುಡುಗಿಗೆ ನಿವಾಳಿಸಿ ದೃಷ್ಟಿ ತೆಗೆದ. "ತಪ್ಪಾಯ್ತು ಕಣವ್ವ. ನೂರು ವರ್ಸ ಬಾಳು ತಾಯಿ," ಎಂದು ಕೆನ್ನೆ ಕೆನ್ನೆ ಬಡಿದುಕೊಂಡ. ನೂರಕ್ಕೆ ಆಕೆಗೆ ಉಳಿದದ್ದೇ ಕೆಲವು ವರ್ಷ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಿತ್ತು. ಯಾರೋ ಫೋಟೋ ತೆಗೆದಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಕೈದಿಗಳ ಹತ್ತಿರ ಫೋನು ಇರುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲೆ, ಕೋಳಿ, ಬೀಡಿ ಎಲ್ಲವೂ ಊರಿನ ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಿತ್ತು. ಸತ್ತವರ ಹೆಸರಲ್ಲಿ ಜೈಲಲ್ಲಿ ಬಾಡೂಟ ಎಂದು ಮೇಲೊಂದು ಸಾಲು. ನಮ್ಮ ಮನೆಯವರ ಫೋನಿಗೂ ಬಂತು. ಬೆಂಗಳೂರಿನ ಮೇಲಧಿಕಾರಿಗಳಿಂದ ಸೂಪರಿಂಟೆಂಡೆಂಟರಿಗೆ ಫೋನಿನ ಮೇಲೆ ಫೋನು. ಅತ್ತ ಶ್ರುತಿಯ ಸಂಸ್ಥೆಯವರಿಗೂ ದಿಗಿಲು. ಬೇರೆ ಧರ್ಮದವರ ಫೋಟೋ ಮುಂದೆ ಮಾಂಸ ಇಟ್ಟಿದ್ದಾರೆ, ಫೋಟೋ ಕೊಟ್ಟವರು ಏನಂದುಕೊಂಡಾರು, ಕೂಡಲೇ ಕಟ್ಟಿಕೊಂಡು ಬನ್ನಿ ಎಂದರು. ಎರಡು ಕಡೆಯವರೂ ಒಂದೇ ಗಂಟೆಯಲ್ಲಿ ಒಂದೇ ತೀರ್ಮಾನಕ್ಕೆ ಬಂದರು.

ನಾನು ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತು ಜಗಳವಾಡಿದೆ. "ಆ ಸತ್ತವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರು ಮಾಡಿದಾರೆ ಸರ್? ಹೇಳಿ ನೋಡೋಣ."

"ನನಗೆ ಗೊತ್ತಾಗುತ್ತೆ ಮೇಡಂ. ನಮ್ಮ ತಾಯಿಗೂ ನಿನ್ನೆ ಎಡೆ ಇಟ್ಟೇ ಬಂದಿದ್ದು ನಾನು. ಆದ್ರೆ ಇದನ್ನ ಮೇಲಿನವರಿಗೆ ಫೋನಲ್ಲಿ ಹೇಗೆ ಹೇಳ್ಲಿ?"

"ನಾಳೆ ಒಂದು ದಿನ ಬಿಟ್ಟುಬಿಡಿ. ಒಂದು ಗಂಟೆ."

"ಆಗಲ್ಲ ಮೇಡಂ. ಆರ್ಡರ್ ಆಗ್ಬಿಟ್ಟಿದೆ."

ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು, ನುಂಗಿಕೊಂಡೆ. ಒಳ್ಳೆಯ ಮನುಷ್ಯ, ಬೇಕರಿಯವನ ಸಾಲಿಗೆ ಅವರನ್ನು ಸೇರಿಸುವುದು ಅನ್ಯಾಯ.

ಹಾಲಿನಲ್ಲಿ ಸಿದ್ದರಾಜುವೇ ಫಲಕಗಳನ್ನು ಬಿಚ್ಚಿ ಸುತ್ತುತ್ತಿದ್ದ. ಬಟ್ಟೆಗೆ ಮಡಿಕೆ ಬೀಳದ ಹಾಗೆ, ಒಂದೊಂದನ್ನೂ ನೆಲಕ್ಕೆ ಹಾಸಿ, ಅಂಚು ಕೂಡಿಸಿ. ನನ್ನ ಮುಖ ನೋಡಿದವನಿಗೆ ಕೇಳುವುದೇನೂ ಉಳಿದಿರಲಿಲ್ಲ.

"ನಾಳೆ ಅವ್ಳು ಬಂದ್ರೆ ಗೇಟಲ್ಲಿ ನಿಲ್ಲುಸ್ಬೇಡಿ ಮೇಡಂ. ಬಿಸ್ಲು," ಎಂದ.

ಶನಿವಾರ ಸಂಜೆಯಿಂದ ಲತಾಗೆ ಫೋನು ಮಾಡಿದೆ. ಅಂದು ಅವಳಿಗೆ ರಾತ್ರಿ ಶಿಫ್ಟು, ಫೋನು ಲಾಕರಿನಲ್ಲಿರುತ್ತದಂತೆ, ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ಜೈಲಿನ ಗೇಟಿಗೆ ನಾನೇ ಹೋಗಿ ನಿಂತೆ. ಅವಳು ಹೇಳಿದ ಹೊತ್ತಿಗಿಂತ ಮೊದಲೇ ಬಂದಳು. ತಲೆಗೆ ಸ್ನಾನ ಮಾಡಿ, ಒಗೆದು ಮಡಿಸಿಟ್ಟ ಚೂಡಿದಾರ್ ಹಾಕಿಕೊಂಡಿದ್ದಳು. ಯಾರಿಗೋ ಹೇಳಿ ಶಿಫ್ಟು ಬದಲಾಯಿಸಿಕೊಂಡಿದ್ದಳಂತೆ. ಪ್ರದರ್ಶನ ನಿಂತುಹೋಯಿತು ಎಂದು ಹೇಳಿದೆ.

"ಸೂಪರಿಂಟೆಂಡೆಂಟರನ್ನ ಕೇಳಿದೀನಮ್ಮ. ಇವತ್ತು ಮುಲಾಖಾತ್ ಇಲ್ಲದಿದ್ದರೂ ಹತ್ತು ನಿಮಿಷ ಬಿಡ್ತಾರಂತೆ. ಬಾ."

"ಬೇಡ ಮೇಡಂ. ಜಾಲರಿ ಈಚೆ ನಾನು, ಆಚೆ ಅವ್ರು, ಎದುರುಬದ್ರು. ನನ್ನ ಕೈಲಾಗಲ್ಲ. ಗುಂಪಲ್ಲಾದ್ರೆ ನಿಂತ್ಕೋತಿದ್ದೆ."

"ಅವರು ಏನು ಹೇಳಬೇಕು ಅಂತಿದ್ರು ಅನ್ನೋದು ನನಗೆ ಗೊತ್ತು. ನಾನು ಕೇಳಿದೀನಿ. ಹೇಳ್ತೀನಿ..."

ಅವಳು ಕೈ ಅಡ್ಡ ಹಿಡಿದಳು. "ಹೇಳ್ಬೇಡಿ. ನೀವು ಹೇಳಿದ್ರೆ ನೀವು ಹೇಳಿದಂಗಾಯ್ತು. ಅವ್ರು ಹೇಳಿದಂಗಾಗಲ್ಲ."

ರಸ್ತೆ ದಾಟಿ ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಒಬ್ಬ ಮನುಷ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದನೆಂದು ಆಮೇಲೆ ಚೆಲುವಯ್ಯನಿಂದ ತಿಳಿಯಿತು.

ನವರಾತ್ರಿ ಕಳೆದ ಮೇಲೆ ಶ್ರುತಿ ಫೋನು ಮಾಡಿದಳು. ಆ ಮುದುಕಿಗೆ ಹೆದರುತ್ತ ಹೆದರುತ್ತ ಎಲ್ಲವನ್ನೂ ತಿಳಿಸಿದರಂತೆ. ಆಕೆ ಸಿಟ್ಟಾಗಲಿಲ್ಲ. ನನ್ನ ಎಲೆಯ ಮೇಲೆ ಏನು ಬಡಿಸಿದ್ದರು ಎಂದು ಕೇಳಿದಳಂತೆ. ಅಪ್ಪ ಅಮ್ಮನಿಗೆ ಇಷ್ಟು ವರ್ಷದಲ್ಲಿ ಯಾರೋ ಊಟಕ್ಕಿಟ್ಟರಲ್ಲ ಎಂದಳಂತೆ. ನಾನು ಫೋನಿನಲ್ಲೇ ಶ್ರುತಿಯ ಮೇಲೆ ರೇಗಿದೆ. ಶನಿವಾರವೇ ಆಕೆಗೊಂದು ಫೋನು ಮಾಡಿ ಕೇಳಿದ್ದರೆ ಸಾಕಿತ್ತಲ್ಲ! ಶ್ರುತಿ, "ಗೊತ್ತು ಮೇಡಂ," ಎಂದು ಅತ್ತಳು. ಅವಳನ್ನು ಅಂದು ಪ್ರಯೋಜನವೇನು.

ಮತ್ತೆ ಪ್ರದರ್ಶನ ತರಲು ಓಡಾಡಿದೆ. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಸಿದ್ದರಾಜುವಿಗೆ ಬರಲಿಲ್ಲ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ದೇಹ ಪಡೆಯಲು ಲತಾ ಒಬ್ಬಳೇ ಬಂದಿದ್ದಳಂತೆ. ಅಂದಿನಿಂದ ಅವಳು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನನಗೆ ಫೋನು ಮಾಡುತ್ತಾಳೆ. ಅವನ ಮಾತು ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಈ ವರ್ಷದ ಅಮಾವಾಸ್ಯೆಯಂದು ಬೆಳಿಗ್ಗೆ, ಅಕ್ಕಪಕ್ಕದ ಒಗ್ಗರಣೆಯ ವಾಸನೆ ಆಗತಾನೆ ಏಳುತ್ತಿದ್ದಾಗ, ಅವಳ ಫೋನು ಬಂತು. ಹಬ್ಬವಲ್ಲದ ದಿನ ಅವಳು ಮಾಡಿದವಳಲ್ಲ.

"ಮೇಡಂ, ಅಮ್ಮಂಗೆ ಎಡೆ ಇಡ್ತಿದೀನಿ. ಪಕ್ಕದಲ್ಲಿ ಇನ್ನೊಂದು ಎಲೆ ಹಾಕ್ದೆ," ಎಂದು ತಡೆದಳು. "ಅವ್ರಿಗೆ ಏನಿಷ್ಟ ಅಂತ ನಂಗೆ ನೆನಪೇ ಇಲ್ಲ. ಅಜ್ಜಿ ಇರೋಗಂಟ ಅವ್ರ ಹೆಸ್ರೂ ಎತ್ತುಸ್ತಿರ್ಲಿಲ್ಲ. ನಿಮ್ಮತ್ರ ಏನಾದ್ರೂ ಹೇಳಿದ್ರಾ?"

ಯಾವ ಶಬ್ದಕ್ಕೆ ಅವನ ನಾಲಿಗೆ ತೊಡರುತ್ತಿತ್ತು, ಯಾವ ಮಾತಿಗೆ ಬೆವರುತ್ತಿದ್ದ, ಎಲ್ಲ ನನಗೆ ಗೊತ್ತು. ಇದೊಂದು ಗೊತ್ತಿಲ್ಲ.

"ಗೊತ್ತಿಲ್ಲಮ್ಮ," ಎಂದೆ. ಆ ಕಡೆ ಕುಕ್ಕರು ಒಂದು ಸಲ ಕೂಗಿತು. ಸುಮ್ಮನಿರಲಾಗದೆ ಹೇಳಿದೆ. "ಅವತ್ತು ಆ ಫೋಟೋದಲ್ಲಿದ್ದೋರಿಗೆ ಏನಿಷ್ಟ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಲೂಗಡ್ಡೆ ಬೇಯಿಸಿ ಇಟ್ಟರು. ಅಷ್ಟನ್ನೂ ನಿಮ್ಮಪ್ಪನೇ ಸುಲಿದದ್ದು. ನಿಮ್ಮಮ್ಮನಿಗೂ ಒಂದು ಎಲೆ ಇಡಿಸಿದ್ದರು. ತಾವು ಮುಟ್ಟಲಿಲ್ಲ, ಬೇರೆಯವರ ಕೈಯಲ್ಲಿ ಇಡಿಸಿದರು."

"ಅಮ್ಮಂಗಾ? ಏನಿಟ್ರು?"

"ಕಡ್ಲೆಪುರಿ. ಹಸಿ ಈರುಳ್ಳಿ, ಮೆಣಸಿನಕಾಯಿ."

ಲತಾ ಸ್ಟವ್ ಆರಿಸಿದ ಸದ್ದು ಕೇಳಿಸಿತು.

"ನಾನೂ ಈಗ ಅದನ್ನೇ ಇಟ್ಟಿದೀನಿ ಮೇಡಂ ಅಮ್ಮನ ಎಲೆಗೆ," ಎಂದಳು. ಮೂಗೆಳೆದುಕೊಂಡದ್ದು ಕೇಳಿಸಿತು. "ಸರಿ ಬಿಡಿ. ಅವ್ರಿಗೆ ಆಲೂಗಡ್ಡೆನೇ ಬೇಯಿಸ್ತೀನಿ. ಎಡೆ ಇಟ್ಟು ಬಾಗಿಲು ಹಾಕ್ಕೊಂಡು ಆಚೆ ಕೂತ್ಕೊಂಡಾಗ ಇನ್ನೊಂದ್ಸಲ ಫೋನ್ ಮಾಡ್ತೀನಿ. ಅವತ್ತು ಅವ್ರು ಏನ್ ಹೇಳ್ಬೇಕು ಅಂತಿದ್ರೋ ಅದನ್ನ ಹೇಳಿ. ಅವ್ರು ಹೇಳಿದಂಗಾಗ್ದಿದ್ರೂ ಸರಿ, ನೀವು ಹೇಳಿದಂಗೇ ಆಗ್ಲಿ."

ಒಳಗಿನಿಂದ ನಮ್ಮ ಮನೆಯವರು ಕಿಟಕಿ ಹಾಕುವ ಸದ್ದು ಬಂತು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ವೆರಾಂಡದಲ್ಲೇ ಕೂತೆ.